ಕಿವಿಯ ಹಿಂದಿನ ಬಿಲ್ಲೆ

ಮೊದಲು ಆ ಅಂಟಿನ ವಿಷಯ ಹೇಳಿಬಿಡುತ್ತೇನೆ. ನನ್ನ ಹೇಸಿಗೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಬಿಲ್ಲೆ ಅಂದರೆ ಕೋಟಿನ ಗುಂಡಿಯಷ್ಟಗಲದ ಒಂದು ಬೂದು ಬಣ್ಣದ ತುಂಡು. ಅದನ್ನು ಮಗುವಿನ ಕಿವಿಯ ಹಿಂದೆ, ಕೂದಲು ಶುರುವಾಗುವ ಕಡೆ, ಲೋಳೆ ಹಚ್ಚಿ ಅಂಟಿಸಬೇಕು. ಲೋಳೆಗೆ ಹಳಸಿದ ಗಂಜಿಯ ವಾಸನೆ. ಪಾಠ ಮುಗಿದ ಮೇಲೆ ಕಿತ್ತರೆ ನಾಲ್ಕು ಕೂದಲೂ ಜೊತೆಗೆ ಬರುತ್ತವೆ, ಮಗು ಹಲ್ಲು ಕಚ್ಚಿಕೊಳ್ಳುತ್ತದೆ. ಎಂಟನೇ ತರಗತಿಯವರದನ್ನು ಕಿತ್ತು, ಒಂದು ಹಸಿ ಅರಿವೆಯಿಂದ ಒರೆಸಿ, ಅದನ್ನೇ ಒಂಬತ್ತನೇ ತರಗತಿಯವರಿಗೆ ಅಂಟಿಸಬೇಕು. ಸಂಜೆಯ ಹೊತ್ತಿಗೆ ಆ ಅರಿವೆಯಲ್ಲಿ ಎಣ್ಣೆ, ಬೆವರು, ಕೂದಲು, ಹೊಟ್ಟು ಎಲ್ಲ ಸೇರಿ ಮುಟ್ಟಲಿಕ್ಕಾಗುತ್ತಿರಲಿಲ್ಲ. ಅದನ್ನು ಹಿಂಡಿ ಒಣಹಾಕುವ ಕೆಲಸ ತರಬೇತಿಗೆ ಬಂದವರದು, ಅಂದರೆ ನಮ್ಮದು. ಕೈಯನ್ನು ಎಷ್ಟು ಸಲ ತೊಳೆದರೂ ಊಟಕ್ಕೆ ಕೂತಾಗ ರೊಟ್ಟಿಗಿಂತ ಮೊದಲು ಆ ವಾಸನೆಯೇ ಬಾಯಿಗೆ ಬರುತ್ತಿತ್ತು. 'ಶಿಕ್ಷಣದಲ್ಲಿ ತಂತ್ರಜ್ಞಾನ' ಎಂಬುದು ನಮ್ಮ ಬಿ.ಇಡಿ. ಎರಡನೇ ವರ್ಷದ ಕಡ್ಡಾಯ ವಿಷಯ. ನಾನು ಅದನ್ನು ಮೂಗು ಮುಚ್ಚಿಕೊಂಡೇ ಕಲಿತೆ.

ಗದಗದಲ್ಲಿ ನಮ್ಮ ಕಾಲೇಜು. ಅಭ್ಯಾಸ ಪಾಠಕ್ಕೆ ನಮ್ಮನ್ನು ಕಳಿಸುತ್ತಿದ್ದದ್ದು ಬೆಟಗೇರಿಯ ಒಂದು ಹೈಸ್ಕೂಲಿಗೆ. ನನ್ನ ಪಾಲಿಗೆ ಎಂಟನೇ ತರಗತಿಯ ಗಣಿತ ಬಂತು. ಆ ಹೊತ್ತಿಗೆ ರಾಜ್ಯದ ಎಲ್ಲ ಶಾಲೆಗಳಲ್ಲೂ 'ಗ್ರಹಿಕೆ ಮಾಪಕ' ಕೂತಾಗಿತ್ತು. ಅದು ಮಾಡುವ ಕೆಲಸ ಬಹಳ ಸರಳ. ಕಿವಿಯ ಹಿಂದಿನ ಬಿಲ್ಲೆ ಬೆವರನ್ನು, ನಾಡಿಯನ್ನು, ತಲೆಯ ಕಡೆಗೆ ಹರಿಯುವ ರಕ್ತದ ಏರಿಳಿತವನ್ನು ಅಳೆಯುತ್ತದೆ. ಕರಿಹಲಗೆಯ ಮೇಲಿನ ಕ್ಯಾಮೆರಾ ಮಗುವಿನ ಮುಖವನ್ನೂ ಕೈಗಳನ್ನೂ ನೋಡುತ್ತದೆ. ಎರಡನ್ನೂ ಕೂಡಿಸಿ, ಪಾಠ ಚೆನ್ನಾಗಿ ತಿಳಿದುಕೊಂಡ ಲಕ್ಷಾಂತರ ಮಕ್ಕಳ ಮಾದರಿಯ ಜೊತೆ ಹೋಲಿಸುತ್ತದೆ. ಹೋಲಿದರೆ ಹಸಿರು, ಅರೆಬರೆ ಹೋಲಿದರೆ ಹಳದಿ, ಹೋಲದಿದ್ದರೆ ಕೆಂಪು. ಒಬ್ಬೊಬ್ಬ ಮಗುವಿಗೂ ಒಂದೊಂದು ಚುಕ್ಕೆ. ಮಕ್ಕಳ ಬೆನ್ನ ಹಿಂದಿನ ಗೋಡೆಯ ಮೇಲೆ, ಪಾಠ ಮಾಡುವವಳಿಗೆ ಮಾತ್ರ ಕಾಣುವ ಹಾಗೆ ಆ ಚುಕ್ಕೆಗಳು ಮಿನುಗುತ್ತಿರುತ್ತವೆ. ಅವೇ ಚುಕ್ಕೆಗಳು ನಮ್ಮ ಕಾಲೇಜಿನ ನಿಯಂತ್ರಣ ಕೋಣೆಯಲ್ಲೂ ಕಾಣುತ್ತವೆ.

ಒಂದು ತಿಂಗಳ ಸರಾಸರಿ ಕೆಂಪು ಬಂದ ಮಗುವನ್ನು 'ಕೈಕೆಲಸ ವಿಭಾಗ'ಕ್ಕೆ ಹಾಕುತ್ತಾರೆ. ಅಲ್ಲಿ ಗಣಿತವಿಲ್ಲ, ವಿಜ್ಞಾನವಿಲ್ಲ. ಡಬ್ಬಿಗೆ ಚೀಟಿ ಅಂಟಿಸುವುದು, ಪೆಟ್ಟಿಗೆ ಮಡಚುವುದು, ಸಾಮಾನು ಬೇರ್ಪಡಿಸುವುದು ಕಲಿಸುತ್ತಾರೆ. ಅಲ್ಲಿಗೆ ಹೋದ ಮಗು ಮತ್ತೆ ಈಚೆಗೆ ಬಂದದ್ದನ್ನು ಯಾರೂ ಕಂಡಿಲ್ಲ. ಮಗುವಿಗೆ ತಿಳಿಯಿತೋ ಇಲ್ಲವೋ ಅಂತ ಮಗುವನ್ನೇ ಎರಡು ಮಾತು ಕೇಳಿದರೆ ಗೊತ್ತಾಗುವುದಿಲ್ಲವೇ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ನಾನು ಮೊದಲ ವಾರವೇ ಕೇಳಿದ್ದೆ. ಪ್ರಾಧ್ಯಾಪಕ ಕಡೇಮನಿ ಸರ್ ನನ್ನನ್ನು ಹುಳವನ್ನು ನೋಡಿದ ಹಾಗೆ ನೋಡಿದ್ದರು.

ಫಕೀರವ್ವ ನನ್ನ ಕಣ್ಣಿಗೆ ಬಿದ್ದದ್ದು ಋಣ ಸಂಖ್ಯೆಗಳ ಪಾಠದ ದಿನ. ಶಿರಹಟ್ಟಿ ಫಕೀರೇಶ್ವರನಿಗೆ ಅವಳ ಅಜ್ಜಿ ಹರಕೆ ಹೊತ್ತಿದ್ದಳಂತೆ, ಅದಕ್ಕೇ ಆ ಹೆಸರು. ತರಗತಿಯ ಉಳಿದ ಹುಡುಗಿಯರೆಲ್ಲ ಸಾನ್ವಿ, ಮಾನ್ವಿ, ತಾನ್ವಿ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಇವಳೊಬ್ಬಳು ಫಕೀರವ್ವ. ಏಳನೇ ತರಗತಿಯವರೆಗೆ ಅಜ್ಜಿಯ ಊರಿನಲ್ಲಿ, ಮಾಪಕ ಎಲ್ಲಕ್ಕಿಂತ ಕೊನೆಗೆ ಬಂದ ಶಾಲೆಯೊಂದರಲ್ಲಿ ಓದಿ, ಆ ತಿಂಗಳಷ್ಟೇ ಇಲ್ಲಿಗೆ ಸೇರಿದ್ದಳು.

"ಋಣವನ್ನು ಋಣದಿಂದ ಗುಣಿಸಿದರೆ?" ಎಂದೆ.

"ಧನಾ" ಎಂದು ಇಡೀ ತರಗತಿ ರಾಗ ಎಳೆಯಿತು. ಹಿಂದಿನ ಗೋಡೆ ಹಸಿರಾಯಿತು. ಒಂದು ಚುಕ್ಕೆ ಮಾತ್ರ ಕೆಂಪು.

ಫಕೀರವ್ವ ಎದ್ದು ನಿಂತಳು. "ಅಕ್ಕೋರ, ಅದು ಯಾಕ ಹಂಗ್ರಿ? ಕಡಿಮಿನ್ನ ಕಡಿಮಿಲೆ ಗುಣಿಸಿದ್ರ ಹೆಚ್ಚು ಹೆಂಗಾತ್ರಿ?"

ನಮ್ಮ ಕಡೆ ಶಾಲೆಯ ಮಕ್ಕಳು ಟೀಚರನ್ನು ಇವತ್ತಿಗೂ ಅಕ್ಕೋರ ಎಂದೇ ಕರೆಯುತ್ತಾರೆ. ಪುಸ್ತಕದಲ್ಲಿ ನಿಯಮವಿತ್ತು, ಕಾರಣವಿರಲಿಲ್ಲ. ನನಗೂ ಆ ಗಳಿಗೆಗೆ ಏನೂ ಹೊಳೆಯಲಿಲ್ಲ. "ನಾಳೆ ಹೇಳ್ತೀನಿ, ನೀನೂ ವಿಚಾರ ಮಾಡ್ಕೊಂಡು ಬಾ" ಎಂದು ಕೂರಿಸಿದೆ. ಅವಳು ಹುಬ್ಬು ಗಂಟಿಕ್ಕಿಕೊಂಡು, ಬಾಯಿ ತುಸು ತೆರೆದುಕೊಂಡು, ಕಿಟಕಿಯಾಚೆ ನೋಡುತ್ತಾ ಕೂತಳು. ಪಾಠ ಮುಗಿಯುವವರೆಗೂ ಅವಳ ಚುಕ್ಕೆ ಕೆಂಪಾಗಿಯೇ ಇತ್ತು.

ಮರುದಿನ ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ಮೇಲಿತ್ತು.

"ಅಕ್ಕೋರ, ನಮ್ಮ ಮನಿ ಟ್ಯಾಂಕ್ ಸೋರತೈತ್ರಿ. ತಾಸಿಗೆ ಎರಡು ಕೊಡ ಕಡಿಮಿ ಆಕ್ಕಾವು. ಅದು ಋಣ ಎರಡು. ಮೂರು ತಾಸು ಹಿಂದ ಅಂದ್ರ ಋಣ ಮೂರು. ಮೂರು ತಾಸು ಹಿಂದ ಟ್ಯಾಂಕಿನ್ಯಾಗ ಈಗಿನಕಿಂತ ಆರು ಕೊಡ ಹೆಚ್ಚಿದ್ವಲ್ರಿ. ಅದಕ್ಕ ಧನ ಆರು. ಹೌದಿಲ್ರಿ?"

ಅವಳು ಹೇಳಿದ್ದನ್ನೇ ಹಲಗೆಯ ಮೇಲೆ ಬರೆದು, "ಈಗ ನೀವೆಲ್ಲಾರೂ ನಿಮ್ಮ ನಿಮ್ಮ ಮನಿ ಟ್ಯಾಂಕ್ ತುಂಬಿಸಿ ನೋಡ್ರಿ" ಎಂದೆ. ಮುಂದಿನ ಬೆಂಚಿನ ಹುಡುಗನೊಬ್ಬ ಪೆನ್ನು ಕಚ್ಚಿದ. ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡು ಬೆರಳು ಮಡಚತೊಡಗಿದಳು. ಅದುವರೆಗೆ ರಾಗ ಎಳೆಯುತ್ತಿದ್ದ ಮಕ್ಕಳು ಅವತ್ತು ಮೊದಲ ಸಲ ವಿಚಾರ ಮಾಡುತ್ತಿದ್ದರು. ತಲೆಯೆತ್ತಿ ನೋಡಿದರೆ ಹಿಂದಿನ ಗೋಡೆಯ ಹಸಿರೆಲ್ಲ ಹೋಗಿ, ಮೊದಲು ಹಳದಿಯಾಗಿ, ಆಮೇಲೆ ಒಂದೊಂದಾಗಿ ಕೆಂಪಾಗುತ್ತಿತ್ತು. ಪಾಠದ ಹೊತ್ತಿನಲ್ಲಿ ನಮ್ಮನ್ನು ಕರೆಯಲೆಂದು ಕಾಲೇಜಿನವರು ಕಿವಿಗೆ ಸಿಕ್ಕಿಸಿದ್ದ ಯಂತ್ರ ಕುಂಯ್ ಕುಂಯ್ ಎಂದಿತು. ನಿಯಂತ್ರಣ ಕೋಣೆಯಿಂದ ಕರೆ, ಪಾಠ ಮುಗಿಸಿ ಕಾಲೇಜಿಗೆ ಬಾ ಎಂದು.

ಆ ಕೋಣೆ ಹೇಗಿತ್ತೆಂದು ಕೇಳಬೇಡಿ. ಕಿಟಕಿಗಳೆಲ್ಲ ಮುಚ್ಚಿ, ಏಸಿ ಹಾಕಿ, ಅದರೊಳಗೆ ಈರುಳ್ಳಿಯ ವಾಸನೆ. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಮಕ್ಕಳ ಚುಕ್ಕೆಗಳು. ಕಡೇಮನಿ ಸರ್ ಕಾಗದದ ಪೊಟ್ಟಣದಿಂದ ಮಂಡಕ್ಕಿ ಗಿರ್ಮಿಟ್ ಮುಕ್ಕುತ್ತಾ ಕೂತಿದ್ದರು. ಎಣ್ಣೆಗೈಯಿಂದಲೇ ಪರದೆ ಸರಿಸುತ್ತಿದ್ದರು. ನನ್ನ ತರಗತಿಯ ಮೇಲೆ ಅರಿಶಿನದ ಬೆರಳಚ್ಚು ಬಿದ್ದಿತ್ತು.

"ಏನವಾ ಸುವರ್ಣಾ, ಕ್ಲಾಸಿಗೆ ಬೆಂಕಿ ಹಚ್ಚಿ ಬಂದಿಯಲ್ಲ" ಎಂದರು.

"ಸರ್, ಮಕ್ಕಳು ವಿಚಾರ ಮಾಡಾಕತ್ತಿದ್ರು."

"ಮಾಪಕ ಹಂಗನ್ನಂಗಿಲ್ಲ. ಮಾಪಕ ಏನಂತೈತಿ ಅಂದ್ರ, ನಿನ್ನ ಪಾಠ ಒಬ್ಬರಿಗೂ ತಿಳದಿಲ್ಲ." ಒಂದು ಚುಕ್ಕೆಯನ್ನು ಬೆರಳಿಂದ ಕುಟ್ಟಿದರು. "ಇಕಿ ಯಾರಿಕಿ? ಬಂದಾಗಿಂದ ಕೆಂಪ. ಇಕಿ ಒಬ್ಬಾಕಿಂದ ನಿನ್ನ ಸರಾಸರಿ ಬೀಳತೈತಿ. ಈ ತಿಂಗಳು ಹಿಂಗ ಹೋತಂದ್ರ ಕೈಕೆಲಸಕ್ಕ ಹಾಕಿಬಿಡ್ತೀನಿ. ನಿನಗೂ ಚಲೋ, ಅಕಿಗೂ ಚಲೋ."

"ಸರ್, ಇಡೀ ಕ್ಲಾಸಿನ್ಯಾಗ ತಿಳಕೊಂಡಾಕಿ ಅಕಿ ಒಬ್ಬಾಕಿ. ಬೇಕಾದ್ರ ಕರದು ಕೇಳ್ರಿ."

"ನಾ ಯಾಕ ಕೇಳ್ಲಿ? ಕೇಳಾಕ ಬಿಲ್ಲೆ ಐತಲ್ಲ."

"ಆ ಬಿಲ್ಲೆಗೆ ತಿಳಕೊಳ್ಳೂದು ಅಂದ್ರೇನಂತ ಯಾರು ಕಲಿಸಿದ್ರು ಸರ್?"

ಅವರ ಮುಖ ಅರಳಿತು. ಬಾಯಲ್ಲಿದ್ದದ್ದನ್ನು ನುಂಗದೆಯೇ ಹೇಳಿದರು. "ನಾವ ಕಲಿಸಿದ್ದು. ರಾಜ್ಯದ ಎಲ್ಲಾ ಬಿ.ಇಡಿ. ಕಾಲೇಜಿಂದ ಫೈನಲ್ ಲೆಸನ್ ರೆಕಾರ್ಡ್ ಮಾಡಿ ಕಳಿಸಿದ್ವಿ, ಮಕ್ಕಳಿಗೆ ಬಿಲ್ಲೆ ಹಚ್ಚಿ. ಎಲ್ಲಾ ಫಸ್ಟ್ ಕ್ಲಾಸ್ ಪಾಠ ನೋಡವಾ, ಒಂದೂ ಕಳಪೆ ಇಲ್ಲ. ಕೈ ಎತ್ತಿದ ಮಕ್ಕಳು ತಿಳಕೊಂಡವರು. ತಡವರಿಸಿದವರು ತಿಳಕೊಳ್ಳದವರು. ಅದನ್ನ ನೋಡಿ ನೋಡಿ ಯಂತ್ರ ಕಲೀತು."

ಮಂಡಕ್ಕಿಯ ಒಂದು ಕಾಳು ಅವರ ತುಟಿಯಿಂದ ಹಾರಿ ನನ್ನ ತೋಳಿನ ಮೇಲೆ ಬಿತ್ತು. ಒರೆಸಿಕೊಂಡು ಹೊರಗೆ ಬಂದೆ.

ಮನೆಯಲ್ಲಿ ಅವ್ವ ಪುಂಡಿಪಲ್ಯ ಮಾಡಿದ್ದಳು. ಅವ್ವ ಕನ್ನಡ ಶಾಲೆಯ ಟೀಚರಾಗಿ ನಿವೃತ್ತಿಯಾದವಳು. ಅವಳ ಕಾಲದಲ್ಲಿ ಬಿಲ್ಲೆಯೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ನನ್ನ ಮುಖ ನೋಡಿ, "ಯಾಕ, ಹರಳೆಣ್ಣಿ ಕುಡದಂಗ ಮಾಡೀದಿ?" ಎಂದಳು. ಎಲ್ಲ ಹೇಳಿದೆ. ಫೈನಲ್ ಲೆಸನ್, ಅಂದರೆ ಪರೀಕ್ಷಕರ ಎದುರು ಮಾಡುವ ಕೊನೆಯ ಪಾಠ, ಎಂಬ ಮಾತು ಬಂದದ್ದೇ ತಡ, ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ನಗತೊಡಗಿದಳು.

"ಏ ಹುಚ್ಚಿ, ಫೈನಲ್ ಲೆಸನ್ ಅಂದ್ರ ನಾಟಕ. ನಾವೂ ಮಾಡೀವಲ್ಲ. ಹಿಂದಿನ ದಿನ ಅದ ಪಾಠ ಎರಡು ಸಲ ಮಾಡಿ ಮುಗಿಸಿಬಿಡೂದು. ಯಾರು ಯಾವ ಉತ್ತರ ಹೇಳಬೇಕಂತ ಹಂಚಿ ಕೊಡೂದು. ಮತ್ತ ಮಕ್ಕಳಿಗೆ ಹೇಳೂದು, ನಾ ಪ್ರಶ್ನಿ ಕೇಳಿದಾಗ ಎಲ್ಲಾರೂ ಕೈ ಎತ್ರಿ. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ."

"ಎಡಗೈ?"

"ಹೂಂ. ನಾವು ಬಲಗೈ ನೋಡಿ ಕೇಳೂದು. ಹಿಂದ ಕುಂತ ಪರೀಕ್ಷಕರಿಗೆ ಎಲ್ಲಾ ಕೈ ಮ್ಯಾಲ ಕಾಣತಾವು. ಅವರಿಗೂ ಗೊತ್ತಿರತೈತಿ ಬಿಡು, ಅವರೂ ಹಂಗ ಪಾಸಾಗಿ ಬಂದವರು. ತೀರಾ ದಡ್ಡ ಇದ್ದವರನ್ನ, ಅಡ್ಡ ಪ್ರಶ್ನಿ ಕೇಳೋವರನ್ನ ಆ ದಿನ ಮನಿಗೆ ಕಳಿಸಿಬಿಡತಿದ್ವಿ." ಅವ್ವ ಕಣ್ಣಂಚು ಒರೆಸಿಕೊಂಡಳು. "ಉಣ್ಣು, ಆರತೈತಿ."

ನನಗೆ ಉಣ್ಣಲಾಗಲಿಲ್ಲ. ರಾಜ್ಯದ ಯಾವ ಮೂಲೆಯ ಕಾಲೇಜಾದರೂ ಫೈನಲ್ ಲೆಸನ್ ಎಂದರೆ ಇದೇ ನಾಟಕ. ಆ ನಾಟಕದ ಮಕ್ಕಳಿಗೆ ಬಿಲ್ಲೆ ಹಚ್ಚಿ, ನೋಡು, ತಿಳಿವಳಿಕೆ ಎಂದರೆ ಇದು ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದಾರೆ. ಯಂತ್ರ ಪಾಪ, ಹೇಳಿದ್ದನ್ನು ನಿಷ್ಠೆಯಿಂದ ಕಲಿತಿದೆ. ಅದು ಕಂಡ ತಿಳಿವಳಿಕೆ ಎರಡೇ ಬಗೆಯದು. ಒಂದು, ನಿನ್ನೆಯೇ ಬಾಯಿಪಾಠ ಮಾಡಿದ ಉತ್ತರವನ್ನು ಹಿಡಿದುಕೊಂಡು ಪ್ರಶ್ನೆಗೆ ಕಾಯುತ್ತಿರುವ ಮಗುವಿನ ಮೈ. ಇನ್ನೊಂದು, ತನಗೇನೂ ಗೊತ್ತಿಲ್ಲ, ಆದರೆ ತನ್ನನ್ನು ಯಾರೂ ಕೇಳುವುದಿಲ್ಲ ಎಂದು ನೆಮ್ಮದಿಯಿಂದ ಎಡಗೈ ಎತ್ತಿದ ಮಗುವಿನ ಮೈ. ಎರಡಕ್ಕೂ ಹಸಿರು. ವಿಚಾರ ಮಾಡುವ ಮಗುವನ್ನು ಅದು ನೋಡಿಯೇ ಇಲ್ಲ, ಅಂಥವರನ್ನು ಆ ದಿನ ಮನೆಗೆ ಕಳಿಸಿದ್ದರಲ್ಲ. ಹುಬ್ಬು ಗಂಟಿಕ್ಕಿ ತಡೆದು ನಿಂತ ಮುಖ ಅದಕ್ಕೆ ಕಂಡದ್ದು ಹಂಚಿಕೊಟ್ಟ ಮಾತನ್ನು ಮರೆತವರಲ್ಲಿ ಮಾತ್ರ. ಹಾಗಾಗಿ ವಿಚಾರ ಮಾಡುವುದು ಅಂದರೆ ಅದರ ಲೆಕ್ಕದಲ್ಲಿ ಮರೆವು, ದಡ್ಡತನ, ಕೆಂಪು. ಎಷ್ಟು ಮಕ್ಕಳು ಹೀಗೆ ಪೆಟ್ಟಿಗೆ ಮಡಚಲು ಹೋಗಿರಬಹುದು ಎಂದು ಯೋಚಿಸಿದೆ. ಥೂ ಎಂದು ಉಗಿಯಬೇಕೆನಿಸಿತು. ಯಾರ ಮೇಲೆ ಉಗಿಯುವುದು, ಎದುರಿಗೆ ನನ್ನ ಅವ್ವನೇ ಕೂತು ರೊಟ್ಟಿ ಮುರಿಯುತ್ತಿದ್ದಳು.

ಬೆಳಿಗ್ಗೆ ಕಾಲೇಜಿಗೆ ಹೋದವಳೇ ನಿಯಂತ್ರಣ ಕೋಣೆಗೆ ನುಗ್ಗಿದೆ. ಕಡೇಮನಿ ಸರ್ ಹೊಸ ಬಿಲ್ಲೆಯೊಂದನ್ನು ಪರೀಕ್ಷೆ ಮಾಡಲೆಂದು ತಮ್ಮ ಕಿವಿಯ ಹಿಂದೆಯೇ ಅಂಟಿಸಿಕೊಂಡು ಕೂತಿದ್ದರು. ಎದುರಿನ ಪರದೆಯಲ್ಲಿ ಅವರದೊಂದು ಚುಕ್ಕೆ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬಲಗೈ ಎಡಗೈ, ಹಂಚಿದ ಉತ್ತರ, ಮನೆಗೆ ಕಳಿಸಿದ ಮಕ್ಕಳು, ಎಲ್ಲ. ಅವರು ಹುಬ್ಬು ಮೇಲೆ ಮಾಡಿ, ಮುಗುಳ್ನಗುತ್ತಾ, "ಹೂಂ, ಹೂಂ, ಹೌದ್ಹೌದು" ಎಂದು ತಲೆಯಾಡಿಸುತ್ತಿದ್ದರು. ಒಂದು ಕಣ್ಣು ಕೈಯಲ್ಲಿದ್ದ ಫೋನಿನ ಮೇಲಿತ್ತು. ಚುಕ್ಕೆ ಮೊದಲಿನಿಂದ ಕೊನೆಯವರೆಗೆ ಎಳೆ ಹುಲ್ಲಿನಷ್ಟು ಹಸಿರು.

"ಸರ್, ನಾ ಈಗ ಏನ ಹೇಳಿದೆ?"

"ಆಂ?" ಅವರು ಫೋನು ಕೆಳಗಿಟ್ಟರು. "ಅದ, ನಿಂದೇನೋ ಹೋಮ್‌ವರ್ಕ್ ವಿಷಯ."

ನಾನು ಚುಕ್ಕೆ ತೋರಿಸಿದೆ. ಅವರು ನೋಡಿದರು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. "ನೋಡು, ಹೊಸಾ ಬಿಲ್ಲೆ ಚಲೋ ಕೆಲಸ ಮಾಡಾಕತ್ತೈತಿ" ಎಂದು ಖುಷಿಪಟ್ಟರು.

ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ಈ ಸಲ ಕೇಳಿಸಿಕೊಂಡರು. ಕೇಳಿಸಿಕೊಂಡು ಆಕಳಿಸಿದರು.

"ಅಲ್ಲವಾ ತಂಗಿ, ಇದು ಯಾರಿಗೆ ಗೊತ್ತಿಲ್ಲ? ನಾನೂ ಎಡಗೈ ಎತ್ತಿಸೇನಿ, ನನ್ನ ಗುರುಗಳೂ ಎತ್ತಿಸ್ಯಾರ. ಯಂತ್ರಕ್ಕ ರೆಕಾರ್ಡ್ ಕೇಳಿದ್ರು, ಇದ್ದದ್ದು ಕೊಟ್ವಿ. ಈಗ ತಪ್ಪೈತಿ ಅಂದ್ರ ಎಲ್ಲಾ ಕಾಲೇಜಿನ ಮಾನ ಹೋಗತೈತಿ. ಇಲಾಖೆ ಹಸಿರು ಕೇಳತೈತಿ, ನೀ ಹಸಿರು ಕೊಡು, ಸರ್ಟಿಫಿಕೇಟ್ ತಗೊ, ಮನಿಗೆ ಹೋಗು."

"ಮತ್ತ ಫಕೀರವ್ವ?"

"ಬರೂ ವಾರ ನಿನ್ನ ಫೈನಲ್ ಲೆಸನ್. ಅದರ ಚುಕ್ಕಿಗೆ ತೂಕ ಜಾಸ್ತಿ. ಅವತ್ತ ಹಸಿರು ಬಂದ್ರ ಉಳೀತಾಳ, ಇಲ್ಲಂದ್ರ ಇಲ್ಲ. ನನಗೇನು ಅಕಿ ಮ್ಯಾಲೆ ಸಿಟ್ಟೈತೇನು?"

ಇಲಾಖೆಯ ಸಹಾಯವಾಣಿಗೂ ಫೋನ್ ಮಾಡಿದೆ. ಮಾಪಕದ ಮೇಲೆ ದೂರಿದ್ದರೆ ಮಾಪಕದ ಅಂಕಿಗಳ ಸಮೇತ ಸಾಬೀತು ಮಾಡಬೇಕಂತೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದರೆ, ಬೇಲಿಯ ಹತ್ತಿರವೇ ಸಾಕ್ಷಿ ಹೇಳಿಸಿಕೊಂಡು ಬಾ ಎನ್ನುವ ಜನ.

ಆ ಸಂಜೆ ಫಕೀರವ್ವನ ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಯಲ್ಲವ್ವ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಮುಂದೆ ಗಿರಣಿ, ಹಿಂದೆ ಎರಡು ಕೋಣೆಯ ಮನೆ. ಯಲ್ಲವ್ವನ ರೆಪ್ಪೆಯ ಮೇಲೂ ಜೋಳದ ಹಿಟ್ಟು. ನನ್ನನ್ನು ಕೂರಿಸಿ, ಗಿರಣಿ ನಿಲ್ಲಿಸಿ, ಮಗಳ ಜಡೆಯನ್ನು ಪಕ್ಕಕ್ಕೆ ಸರಿಸಿ ತೋರಿಸಿದಳು. ಕಿವಿಯ ಹಿಂದೆ ಚರ್ಮ ಸುಲಿದು, ಕೀವು ಕಟ್ಟಿ, ಅದರ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಮೆತ್ತಿತ್ತು. ಆ ಹುಣ್ಣಿನ ಮೇಲೆ ದಿನಾ ಲೋಳೆ ಹಚ್ಚುತ್ತಿದ್ದವಳು ನಾನೇ.

"ಇದೇನ ಬಿಡ್ರಿ, ವಾಸಿ ಆಕ್ಕೈತಿ" ಎಂದಳು ಯಲ್ಲವ್ವ. "ಆದ್ರ ಇಕಿನ್ನ ಆ ಇನ್ನೊಂದು ಕಡೆ ಹಾಕ್ತಾರಂತ ಹೌದ್ರಿ ಅಕ್ಕೋರ? ಇಕಿಗೆ ಲೆಕ್ಕ ಅಂದ್ರ ಜೀವರಿ. ಗಿರಣಿ ಪಟ್ಟಾ ತಿರಗೂದು ನೋಡಿ, ಸಣ್ಣ ಗಾಲಿ ಎಷ್ಟು ಸುತ್ತಿದ್ರ ದೊಡ್ಡ ಗಾಲಿ ಎಷ್ಟು ಸುತ್ತತೈತಿ ಅಂತ ಕುಂತ ಬಿಡ್ತಾಳ. ಉಣ್ಣಾಕ ಕರದ್ರೂ ಬರಂಗಿಲ್ಲ. ಹೆಂಗರ ಮಾಡಿ ಉಳಿಸಿಕೊಡ್ರಿ, ನಿಮ್ಮ ಕಾಲು ಬೀಳ್ತೀನಿ."

"ಅಕಿನ್ನ ಎಲ್ಲೂ ಹಾಕಂಗಿಲ್ಲ" ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥದೊಂದು ದಾರಿ ನನ್ನ ತಲೆಗೆ ಬಂದಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೇ ಹೇಸಿಗೆಯಾಗುತ್ತಿತ್ತು.

ಚೀಲದಿಂದ ತರಬೇತಿಯ ಬಿಲ್ಲೆ ತೆಗೆದೆ. ಹುಣ್ಣಿಲ್ಲದ ಇನ್ನೊಂದು ಕಿವಿಯ ಹಿಂದೆ ಅಂಟಿಸಿ, ಚುಕ್ಕೆ ನನ್ನ ಫೋನಿನಲ್ಲಿ ಕಾಣುವ ಹಾಗೆ ಮಾಡಿ, ಅದರ ಕ್ಯಾಮೆರಾ ಅವಳ ಮುಖ ನೋಡುವ ಹಾಗೆ ಎದುರಿಗಿಟ್ಟೆ. ಫಕೀರವ್ವ ತನ್ನ ಚುಕ್ಕೆಯನ್ನು ತಾನೇ ನೋಡಿದ್ದು ಅದೇ ಮೊದಲು.

"ಕೆಂಪೈತ್ರಿ" ಎಂದಳು.

"ನೀ ಏನೋ ವಿಚಾರ ಮಾಡಾಕತ್ತೀದಿ."

"ಹೌದ್ರಿ, ಇದು ಹೆಂಗ ಕೆಲಸ ಮಾಡತೈತಿ ಅಂತ."

"ಬಿಡು ಅದನ್ನ. ಬೆನ್ನು ನೆಟ್ಟಗ ಮಾಡು. ಹುಬ್ಬು ಮ್ಯಾಲೆ. ತುಸು ನಗು. ನಾ ಬಾಯಿ ತಗದ ಕೂಡಲೇ ತಲಿ ಆಡಿಸು."

ಹಳದಿ ಬಂತು. ಮುಖವನ್ನಷ್ಟೇ ಅಲ್ಲ, ಮೈಯನ್ನೂ ಮೋಸ ಮಾಡಬೇಕಿತ್ತು. ಹುಡುಕುವ ಮನಸ್ಸಿನ ನಾಡಿಯೇ ಬೇರೆ. ಏನೇನೋ ಮಾಡಿ ನೋಡಿದೆವು. ಕೊನೆಗೆ, "ಮನಸ್ಸಿನ್ಯಾಗ ಎರಡರ ಮಗ್ಗಿ ಹೇಳಿಕೋತ ಕುಂದ್ರು" ಎಂದೆ. ಎರಡೊಂದ್ಲ ಎರಡು, ಎರಡೆರಡ್ಲ ನಾಕು. ಬಾಯಿಪಾಠದ ಮಗ್ಗಿ, ಮುಂದಿನದು ಏನೆಂದು ಮೊದಲೇ ಗೊತ್ತಿರುವ ಮಗ್ಗಿ. ಚುಕ್ಕೆ ಹಸಿರಾಯಿತು.

ಫಕೀರವ್ವನಿಗೆ ನಗು ಬಂತು. ಆಮೇಲೆ ಕೇಳಿದಳು, "ಅಕ್ಕೋರ, ಮಗ್ಗಿ ಹೇಳಿಕೋತ ಕುಂತ್ರ ನೀವು ಹೇಳಿದ್ದು ಹೆಂಗ ಕೇಳೂದ್ರಿ?"

"ಕೇಳಬ್ಯಾಡ."

ಟೀಚರಾಗಲು ಹೊರಟವಳ ಬಾಯಿಂದ ಬಂದ ಮಾತು ಇದು. ಹೇಳಿದ ಮೇಲೆ ನಾಲಗೆ ಕಹಿಯಾಯಿತು.

"ಯಾಕ ಅಂತ ಕೇಳೂದೂ ಬ್ಯಾಡ್ರಿ?"

"ಬ್ಯಾಡ. ಶಾಲ್ಯಾಗ ಬ್ಯಾಡ. ಫೈನಲ್ ಲೆಸನ್ ಮುಗೀಲಿ, ಆಮ್ಯಾಲ ನಾ ಇಲ್ಲಿಗೇ ಬಂದು ಎಲ್ಲಾ ಯಾಕಂತ ಹೇಳ್ತೀನಿ. ಇಲ್ಲಿ ಬಿಲ್ಲೆ ಇರಂಗಿಲ್ಲ, ನಿನಗ ಬೇಕಾದಷ್ಟು ವಿಚಾರ ಮಾಡು."

ಅವಳಿಗೆ ನನ್ನ ಮೇಲೆ ನಂಬಿಕೆಯಿತ್ತು. "ಆತ್ರಿ" ಎಂದಳು. ಜಾಣೆಗೆ ಏನು ಕಲಿಸಿದರೂ ಬೇಗ ಬರುತ್ತದೆ, ದಡ್ಡತನ ಕಲಿಸಿದರೂ. ಮೂರು ಸಂಜೆಗಳಲ್ಲಿ, ಚುಕ್ಕೆ ಅವಳಿಗೆ ಕಾಣದ ಹಾಗೆ ಮಾಡಿದರೂ ಅವಳ ಚುಕ್ಕೆ ಹಸಿರು ಬಿಟ್ಟು ಕದಲುತ್ತಿರಲಿಲ್ಲ. ಯಲ್ಲವ್ವ ಬಾಗಿಲಲ್ಲಿ ನಿಂತು ನೋಡಿ, ಮಗಳು ಪಾಸಾದಳೆಂದು ತಿಳಿದು, ನನ್ನ ಕೈಗೆ ಶೇಂಗಾ ಉಂಡೆ ಇಟ್ಟಳು.

ಫೈನಲ್ ಲೆಸನ್ನಿನ ದಿನ ಹೊರಗಿನಿಂದ ಬಂದ ಪರೀಕ್ಷಕರು ಹಿಂದಿನ ಸಾಲಿನಲ್ಲಿ ಕೂತರು. ಜೊತೆಗೆ ಕಡೇಮನಿ ಸರ್. ಉಳಿದ ಮಕ್ಕಳಿಗೆ ನಾನೇನೂ ಹೇಳಿಕೊಡಬೇಕಾಗಿರಲಿಲ್ಲ, ಅವರೆಲ್ಲ ಒಂದನೇ ತರಗತಿಯಿಂದ ಬಿಲ್ಲೆ ಹಚ್ಚಿಕೊಂಡು ಬೆಳೆದವರು. ನಾನು ನಿಯಮ ಹೇಳಿದೆ, ಅವರು ರಾಗ ಎಳೆದರು. ಪ್ರಶ್ನೆ ಕೇಳಿದೆ, ಕೈಗಳೆಲ್ಲ ಎದ್ದವು. ಟ್ಯಾಂಕು, ಕೊಡ, ಸೋರುವ ನೀರು ಯಾವುದನ್ನೂ ಬಾಯಿಗೆ ತರಲಿಲ್ಲ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಫಕೀರವ್ವ ನೆಟ್ಟಗೆ ಕೂತು, ಹುಬ್ಬೆತ್ತಿ, ನಗುತ್ತಾ, ನಾನು ಮಾತು ಮುಗಿಸುವ ಮೊದಲೇ ತಲೆಯಾಡಿಸುತ್ತಿದ್ದಳು. ಹಿಂದಿನ ಗೋಡೆ ಮೊದಲಿಂದ ಕೊನೆಯವರೆಗೆ ಹಸಿರು. ಒಂದೇ ಒಂದು ಸಲ ನಾನು ಅವಳ ಕಣ್ಣೊಳಗೆ ನೋಡಿದೆ. ಕಣ್ಣು ನನ್ನ ಮೇಲಿತ್ತು, ಅವಳು ಅಲ್ಲಿರಲಿಲ್ಲ.

ಪರೀಕ್ಷಕರು ಚಪ್ಪಾಳೆ ತಟ್ಟಿದರು. "ಇಂಥಾ ಪಾಠ ಈ ವರ್ಷ ನಾನು ನೋಡಿರಲಿಲ್ಲ" ಎಂದರು. ಅಷ್ಟೇ ಅಲ್ಲ, ಇದರ ರೆಕಾರ್ಡನ್ನು ಮಾಪಕದ ಮಾದರಿಗೆ ಸೇರಿಸಲು ಶಿಫಾರಸು ಮಾಡುತ್ತೇನೆ ಎಂದರು. ಅಂದರೆ ಇನ್ನು ಮುಂದೆ ರಾಜ್ಯದ ಮಕ್ಕಳನ್ನು ಮಗ್ಗಿ ಹೇಳುತ್ತಾ ಕೂತ ಫಕೀರವ್ವನ ಜೊತೆ ಹೋಲಿಸಿ ನೋಡುತ್ತಾರೆ. ಕಡೇಮನಿ ಸರ್ ನನ್ನ ಬೆನ್ನು ತಟ್ಟಿದರು. ಆ ಕೈಯ ಎಣ್ಣೆ ನನ್ನ ರವಿಕೆಗೆ ಅಂಟಿತು ಎಂದೇ ನನಗೆ ಅನಿಸಿತು, ಮನೆಗೆ ಹೋಗಿ ನೋಡಿದರೆ ಏನೂ ಇರಲಿಲ್ಲ. ಆದರೂ ಒಗೆಯಲು ಹಾಕಿದೆ.

ಫಕೀರವ್ವ ಗಣಿತದ ತರಗತಿಯಲ್ಲೇ ಉಳಿದಳು. ನಾನು ಪ್ರಥಮ ದರ್ಜೆಯಲ್ಲಿ ಪಾಸಾದೆ. ಶಿಕ್ಷಣದಲ್ಲಿ ತಂತ್ರಜ್ಞಾನ ಬಳಸುವುದನ್ನು ಚೆನ್ನಾಗಿ ಕಲಿತಿದ್ದಾಳೆ ಎಂದು ಅಂಕಪಟ್ಟಿಯಲ್ಲಿ ಬರೆದಿದ್ದಾರೆ. ಸುಳ್ಳಲ್ಲ.

ಪರೀಕ್ಷೆಗಳ ಗಡಿಬಿಡಿಯಲ್ಲಿ ಮಾತು ಉಳಿಸಿಕೊಳ್ಳಲು ಎರಡು ತಿಂಗಳು ತಡವಾಯಿತು. ಒಂದು ಭಾನುವಾರ ಮಧ್ಯಾಹ್ನ ಗಿರಣಿಗೆ ಹೋದೆ. ಯಲ್ಲವ್ವ ಚಹಾ ಇಡಲು ಒಳಗೆ ಹೋದಳು. ಕಿವಿಯ ಹುಣ್ಣು ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಗಿರಣಿಯ ಪಟ್ಟ ನಿಂತಿತ್ತು. ಫಕೀರವ್ವ ಅದರ ಕಡೆ ನೋಡುತ್ತಿರಲಿಲ್ಲ. ನನ್ನ ಎದುರಿಗೆ ಬಂದು ಕೂತಳು.

"ಇವತ್ತ ಬರೇ ಯಾಕ ಅನ್ನೂದ ಕೇಳೂದು" ಎಂದೆ. "ಬಿಲ್ಲೆ ತಂದಿಲ್ಲ ನಾ. ಚೀಲಾ ಬೇಕಾದ್ರ ನೋಡು."

"ಗೊತ್ರಿ ಅಕ್ಕೋರ" ಎಂದಳು. ಬೆನ್ನು ನೆಟ್ಟಗಿತ್ತು. ಹುಬ್ಬು ಮೇಲಿತ್ತು. ಮುಗುಳ್ನಗು ಎಲ್ಲಿರಬೇಕೋ ಅಲ್ಲೇ ಇತ್ತು.

ಸೊನ್ನೆಯಿಂದ ಯಾಕೆ ಭಾಗಿಸಬಾರದು ಎಂಬುದನ್ನು ತೆಗೆದುಕೊಂಡೆ. ಅವಳಿಗೆ ಇಷ್ಟವಾಗಬಹುದು ಎಂದು ದಾರಿಯುದ್ದಕ್ಕೂ ಅದನ್ನೇ ತಲೆಯಲ್ಲಿ ಹೊಂದಿಸಿಕೊಂಡು ಬಂದಿದ್ದೆ. ಐದು ಉಂಡೆಯನ್ನು ಯಾರಿಗೂ ಹಂಚದೆ ಹಂಚುವುದು ಹೇಗೆ ಎಂದು ಕೇಳಿದೆ. ಅವಳು ತಲೆಯಾಡಿಸಿದಳು. ಉತ್ತರ ಹೇಳಲಿಲ್ಲ. ಬೇರೆ ರೀತಿಯಲ್ಲಿ ಕೇಳಿದೆ. ತಲೆಯಾಡಿಸಿದಳು. ಫಕೀರವ್ವ, ಇಲ್ಲಿ ಯಾರೂ ನೋಡುತ್ತಿಲ್ಲ ಎಂದು ಅವಳ ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು, ಸಡಿಲವಾಗಿತ್ತು.

ಕೊನೆಗೆ ಬೇಕೆಂತಲೇ ತಪ್ಪು ಹೇಳಿದೆ. "ಐದನ್ನ ಸೊನ್ನಿಲೆ ಭಾಗಿಸಿದ್ರ ಐದ ಬರತೈತಿ. ಆರನ್ನ ಭಾಗಿಸಿದ್ರೂ ಐದ. ಏನನ್ನ ಭಾಗಿಸಿದ್ರೂ ಐದ." ಹೇಳಿ ಅವಳ ಹುಬ್ಬನ್ನೇ ನೋಡುತ್ತಾ ಕೂತೆ. ಅದು ಒಂದಿಷ್ಟು ಗಂಟಿಕ್ಕಲಿ, ಯಾಕ್ರಿ ಎಂದು ಒಂದು ಸಲ ಕೇಳಲಿ, ಅಕ್ಕೋರ ನಿಮಗ ತಲಿ ಕೆಟ್ಟೈತೇನ್ರಿ ಎಂದು ನಗಲಿ ಎಂದು ಕಾದೆ. ಒಳಗೆ ಯಲ್ಲವ್ವ ಚಹಾ ಸೋಸುತ್ತಿದ್ದ ಸದ್ದು ಕೇಳುತ್ತಿತ್ತು.

"ತಿಳೀತೇನ?" ಎಂದೆ.

"ತಿಳೀತ್ರಿ ಅಕ್ಕೋರ" ಎಂದಳು.